ಬೀಗದ ಮೇಲೊಂದು ಬೀಗ

ಡೆಡೇಯಕ್ಕನಿಗಿಂತ ಮೊದಲು ಅವಳ ಪ್ರಶ್ನೆ ಬರುತ್ತಿತ್ತು. ಅಕ್ರಾ ನಗರದ ನಮ್ಮ ಪುಟ್ಟ ರೇಡಿಯೋ ಕೇಂದ್ರದ ಮೆಟ್ಟಿಲನ್ನು, ಸ್ಥೂಲಕಾಯವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತ, ಸೊಂಟದ ಕೀಲಿಗೊಂಚಲನ್ನು ಝಣಝಣಿಸುತ್ತ ಏರಿ ಬರುವಾಗ, ಮೇಲಿಂದ ಯಾರಾದರೂ "ಇವತ್ತು ಮಳೆಯಂತೆ" ಎಂದರೆ ಸಾಕು, "ಹೇಳಿದ್ದು ಯಾರು?" ಎನ್ನುತ್ತಿದ್ದಳು.

ಅವಳು ಮಕೋಲಾ ಮಾರುಕಟ್ಟೆಯಲ್ಲಿ, ತಾಯಿಯ ಬೀಗದ ಅಂಗಡಿಯಲ್ಲಿ ಬೆಳೆದವಳು. ಅಲ್ಲಿ ಬೀಗ ಕೊಳ್ಳುವವರು ಮೊದಲು ಪಕ್ಕದ ಬೀಗದ ಕೀಲಿ ಹಾಕಿ ತಿರುಗಿಸುತ್ತಾರೆ. ತೆರೆದುಕೊಂಡರೆ ನಕ್ಕು ಹಿಂದಿರುಗಿಸುತ್ತಾರೆ. ನಮ್ಮ ಕಂಪ್ಯೂಟರುಗಳ ಹೊಣೆ ಹೊತ್ತ ಮೇಲೂ ಆ ಸಂಸ್ಕಾರ ಅವಳನ್ನು ಬಿಡಲಿಲ್ಲ.

ಸಂಪಾದಕ ಎಲೋರ್ಮ್ ಒಮ್ಮೆ ಹೊಸ ಹಾರ್ಡ್ ಡಿಸ್ಕುಗಳನ್ನು ತಂದ.

"ಇದರ ಹೊಟ್ಟೇಲೇ ಬೀಗ ಇದೆ ಕಣಕ್ಕಾ. ಪಾಸ್‌ವರ್ಡ್ ಇಟ್ರೆ ಮುಗೀತು."

"ಹೇಳಿದ್ದು ಯಾರು?"

"ಮಾಡಿದೋರೇ."

"ಹೆತ್ತೋರಿಗೆ ಹೆಗ್ಗಣ ಮುದ್ದು" ಎಂದವಳೇ ಪಾಸ್‌ವರ್ಡ್ ಇಟ್ಟು, ಡಿಸ್ಕನ್ನು ತನ್ನ ಹಳೆಯ ಯಂತ್ರಕ್ಕೆ ಸಿಕ್ಕಿಸಿ, ಪಾಸ್‌ವರ್ಡಿನ ಜಾಗ ಖಾಲಿ ಬಿಟ್ಟು ಕೇಳಿದಳು. ಅದು ಪರಮ ವಿನಯದಿಂದ ಸರ್ವಸ್ವವನ್ನೂ ಒಪ್ಪಿಸಿತು! ಅಂದಿನಿಂದ ಪ್ರತಿ ಕಡತವೂ ಕಂಪ್ಯೂಟರಿನಲ್ಲೇ ಅವಳ ಬೀಗ ಹಾಕಿಸಿಕೊಂಡು ಡಿಸ್ಕಿಗೆ ಹೋಗಬೇಕಾಯಿತು. ಕೆಲಸ ನಿಧಾನವಾಯಿತೆಂದು ನಾವೆಲ್ಲ ಗೊಣಗಿದೆವು.

ಹೊಳೆಗೆ ವಿಷ ಬಿಡುವ ಚಿನ್ನದ ಗಣಿಯವರ ಮೇಲೆ ನಮ್ಮ ಕೇಂದ್ರಕ್ಕೆ ಗುಟ್ಟಾಗಿ ಸಾಕ್ಷಿ ನುಡಿದ ಅಡ್ವೋವಾಳ ಹೆಸರು, ದನಿ ಎರಡೂ ಇದ್ದ ಡಿಸ್ಕನ್ನು ಎಲೋರ್ಮ್ ಟ್ರೋಟ್ರೋ ಎಂಬ ಬಾಡಿಗೆ ವ್ಯಾನಿನಲ್ಲಿ ಮರೆತು ಇಳಿದ ದಿನ ಆ ಗೊಣಗಾಟ ನಿಂತಿತು. ಸುದ್ದಿ ಕೇಳಿ ಅಡ್ವೋವಾ ಓಡಿ ಬಂದಳು.

"ಅದು ಅವರ ಕೈಗೆ ಸಿಕ್ರೆ ನಾನು ಊರಲ್ಲಿ ಉಳಿಯೋ ಹಾಗಿಲ್ಲ."

"ಸಿಕ್ಕಿದ್ರೂ ತೆಗೆಯೋಕಾಗಲ್ಲ ಕಣೇ. ನನ್ನ ಬೀಗ ಇದೆ."

ಅಡ್ವೋವಾ ತಲೆಯೆತ್ತಿದಳು. "ಹೇಳಿದ್ದು ಯಾರು?"

ಡೆಡೇಯಕ್ಕನನ್ನು ಆ ಪ್ರಶ್ನೆ ಕೇಳಿದವರು ಅದುವರೆಗೆ ಹುಟ್ಟಿರಲಿಲ್ಲ. ಅವಳು ಕೀಲಿಗೊಂಚಲೆಲ್ಲ ಕುಣಿಯುವಂತೆ ನಕ್ಕಳು, ಅದೇ ಡಿಸ್ಕಿನ ಇನ್ನೊಂದು ಪ್ರತಿಯನ್ನು ಮೇಜಿನ ಮೇಲಿಟ್ಟು, "ಬನ್ರೋ, ಒಡೀರಿ ನೋಡೋಣ!" ಎಂದು ಕಚೇರಿಯನ್ನೇ ಕರೆದಳು. ತಯಾರಕರ ಬೀಗ ಕ್ಷಣದಲ್ಲಿ ಬಿಚ್ಚಿಕೊಂಡಿತು. ಅವಳದು ಜಪ್ಪಯ್ಯ ಎನ್ನಲಿಲ್ಲ. ಹೆಂಡತಿಯ ಹೆಸರು, ಫುಟ್‌ಬಾಲ್ ತಂಡದ ಹೆಸರು, ಬೈಗುಳ, ಎಲ್ಲ ಹಾಕಿ ನೋಡಿದೆವು. ಊಟಕ್ಕೆ ತಂದಿಟ್ಟ ಕೆಂಕೆ ಎಂಬ ಜೋಳದ ಕಡುಬು, ಮೀನು ಆರಿ ತಣ್ಣಗಾದವು. ಕಡೆಗೆ ಅಡ್ವೋವಾಳೇ ಬೆರಳು ನೋಯುವಷ್ಟು ಒತ್ತಿ ಸೋತು, ನಕ್ಕು, ದೊಡ್ಡ ಮೀನನ್ನು ತನ್ನ ಕಡೆಗೆಳೆದುಕೊಂಡಳು.

"ಹೆಸರು, ದನಿ ಮರೆಸಿ ನಾಳೇನೇ ಪ್ರಸಾರ ಮಾಡಿ" ಎಂದಳು.

ಸಂಶಯಪಿಶಾಚಿಗಳೆಂದು ನಾವು ಗೇಲಿ ಮಾಡುವ ಈ ಕುಲದವರು ಯಾರ ಬೀಗವನ್ನೂ ಬಾಯಿಮಾತಿಗೆ ನಂಬರು, ತಮ್ಮದನ್ನೂ. ತಮ್ಮನ್ನೇ ನಂಬಿ ಬಂದವರ ಕೈಗೂ ಪಕ್ಕದ ಕೀಲಿ ಕೊಟ್ಟು, ಮೊದಲು ತಿರುಗಿಸಿ ನೋಡು ಎನ್ನುತ್ತಾರೆ.