ವ್ಯಾನ್ ಮಾಮನ ಸ್ಟೀರಿಂಗ್

ಸ್ಟೀರಿಂಗ್ ಜಾರುತ್ತಿದೆ ಎಂದು ಅಪ್ಪ ಹೇಳಿದ್ದನ್ನು ಮನೆಯಲ್ಲಿ ಮೂವರೂ ನಂಬಿದೆವು. ಅಮ್ಮ ನಂಬಿದಳು, ನಾನು ನಂಬಿದೆ, ನಮ್ಮಿಬ್ಬರಿಗಿಂತ ಗಟ್ಟಿಯಾಗಿ ಅಪ್ಪನೇ ನಂಬಿದ್ದ.

ಹತ್ತೊಂಬತ್ತು ವರ್ಷಗಳಿಂದ ಅಪ್ಪ ಶಾಲಾ ಮಕ್ಕಳ ವ್ಯಾನ್ ಓಡಿಸುತ್ತಿದ್ದ. ಬೆಳಿಗ್ಗೆ ಹನ್ನೊಂದು ಮನೆಗಳ ಮುಂದೆ ಹಾರ್ನ್ ಮಾಡಿ ಹನ್ನೊಂದು ಮಕ್ಕಳನ್ನು ಹತ್ತಿಸಿಕೊಳ್ಳುವುದು, ಮಧ್ಯಾಹ್ನ ಅವರನ್ನು ಅದೇ ಬಾಗಿಲುಗಳಲ್ಲಿ ಇಳಿಸುವುದು. ಮಕ್ಕಳಿಗೆ ಅವನು ವ್ಯಾನ್ ಮಾಮ. ಆ ಮಕ್ಕಳಲ್ಲಿ ಎಷ್ಟೋ ಜನ ಈಗ ಮೀಸೆ ತಿರುವುವಷ್ಟು ದೊಡ್ಡವರಾಗಿದ್ದಾರೆ. ರಸ್ತೆಯಲ್ಲಿ ಸಿಕ್ಕರೆ ಅವರೂ ವ್ಯಾನ್ ಮಾಮ ಎಂದೇ ಕೂಗುತ್ತಾರೆ. ಅಪ್ಪನಿಗೆ ಬೇರೆಯದೊಂದು ಹೆಸರಿದೆ ಎನ್ನುವುದು ಬ್ಯಾಂಕಿನವರಿಗೆ ಮಾತ್ರ ಗೊತ್ತು.

ಆ ಗುರುವಾರ ವ್ಯಾನ್ ನಮ್ಮ ಬೀದಿಯ ಮೂಲೆಯಲ್ಲಿ ಜೋಲಿ ಹೊಡೆದು ಫುಟ್‌ಪಾತಿನ ಅಂಚಿಗೆ ತಾಗಿ ನಿಂತಿತು. ಮುಂದಿನ ಸೀಟಿನಲ್ಲಿದ್ದ ಹುಡುಗಿಯ ಹಣೆ ಊದಿಕೊಂಡಿತು. ಶುಕ್ರವಾರ ಶಾಲೆಯ ಹೆಡ್‌ಮೇಡಂ ಅಪ್ಪನನ್ನು ಕರೆಸಿದರು. ಸೋಮವಾರದೊಳಗೆ ಗಾಡಿ ಸರಿಯಾಗಬೇಕು, ಇನ್ನೊಂದು ದೂರು ಬಂದರೆ ಬೇರೆ ವ್ಯಾನ್ ನೋಡಿಕೊಳ್ಳುತ್ತೇವೆ ಎಂದರು.

"ಗಾಡಿ ಬಂಗಾರದ ಹಾಗಿದೆ," ಎಂದ ಅಪ್ಪ, ಮನೆಗೆ ಬಂದು ಸಕ್ಕರೆಯಿಲ್ಲದ ಚಹಾ ಕುಡಿಯುತ್ತ. ಅವನಿಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. "ಸ್ಟೀರಿಂಗ್ ಒಂದು ಸವೆದು ನುಣ್ಣಗಾಗಿದೆ. ಹಿಡಿದಿದೀನಿ ಅಂದ್ಕೋತೀನಿ, ಹಿಡಿದಿರಲ್ಲ."

"ಅಷ್ಟೇ ತಾನೇ? ಚರ್ಮದ ಕವರ್ ಹಾಕಿದ್ರಾಯ್ತು. ನಾನು ಕೊಡಿಸ್ತೀನಿ," ಎಂದೆ.

ಶನಿವಾರ ಶಾಲೆ ಅರ್ಧ ದಿನ. ಮಕ್ಕಳನ್ನು ಬಿಟ್ಟ ಅಪ್ಪ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಮುಂದೆ ವ್ಯಾನ್ ತಂದು ನಿಲ್ಲಿಸಿದ. ಅಲ್ಲಿಂದ ಎರಡು ಬೀದಿ ಆಚೆ ಸೀಟ್ ಕವರ್ ಅಂಗಡಿ. ಒಳಗೆ ರೆಕ್ಸಿನ್ನಿನ, ಅಂಟಿನ, ಹೊಸ ಸ್ಪಂಜಿನ ವಾಸನೆ. ಗೋಡೆಯ ಮೊಳೆಗಳಿಂದ ಸ್ಟೀರಿಂಗ್ ಕವರುಗಳು ಸಾಲಾಗಿ ತೂಗುತ್ತಿದ್ದವು. ಅಜ್ಜಿಯ ಕಥೆಯ ರಾಕ್ಷಸಿ ಸ್ನಾನಕ್ಕೆ ಹೋಗುವ ಮುಂಚೆ ಬಳೆ ಕಳಚಿಟ್ಟು ಹೋದಂತಿತ್ತು. ನಾನು ಬಾಗಿಲಲ್ಲೇ ನಿಂತು ಅವನ್ನು ನೋಡುತ್ತಿದ್ದೆ. ಅಂಗಡಿಯವರು ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡು ನನ್ನನ್ನು ದಾಟಿ ವ್ಯಾನಿನ ಹತ್ತಿರ ಹೋದರು.

ಅಪ್ಪ ಸೀಟಿನಿಂದ ಇಳಿದಿರಲಿಲ್ಲ. ಅವರು ಕಿಟಕಿಯಿಂದ ಬಗ್ಗಿ ಸ್ಟೀರಿಂಗಿನ ಅಡ್ಡಗಲ ಅಳೆದರು, ದಪ್ಪ ಅಳೆದರು, ಆಮೇಲೆ ಅದರ ಮೇಲೆ ಅಂಗೈ ಆಡಿಸಿದರು.

"ಜಾರುತ್ತೆ ಅಂದ್ರಲ್ಲ ಯಜಮಾನ್ರೇ? ಇದು ಜಾರೋ ಸ್ಟೀರಿಂಗ್ ಅಲ್ಲ, ಅಂಟೋ ಸ್ಟೀರಿಂಗ್. ಹಳೇ ಪ್ಲಾಸ್ಟಿಕ್ ಬಿಸಿಲಿಗೆ ಬೆಂದು ಮೇಣದ ಹಾಗಾಗಿದೆ. ಇದರ ಮೇಲೆ ನೊಣ ಕೂತ್ರೆ ಏಳಲ್ಲ."

"ದಿನವಿಡೀ ಗೋಂದು ಮುಟ್ಟೋ ಕೈ ನಿಮ್ದು. ನಿಮಗೆ ಎಲ್ಲಾನೂ ಅಂಟುತ್ತೆ," ಎಂದ ಅಪ್ಪ.

ಅಂಗಡಿಯವರು ಹೊಟ್ಟೆ ಕುಣಿಸಿ ನಕ್ಕರು. ನಾನೂ ನಕ್ಕೆ. ಅಂಟೋ ಸ್ಟೀರಿಂಗ್ ಎಂದ ಆ ಮಾತಿನ ಮೇಲೆ ಒಂದು ಕ್ಷಣ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಸುಮ್ಮನೆ ಎಳೆದು ಏರಿಸುವ ಕವರೂ ಇತ್ತು, ಹೊಲಿಯುವ ಕವರೂ ಇತ್ತು. ಏರಿಸುವುದು ಕೆಲವು ತಿಂಗಳಿಗೆ ಸಡಿಲವಾಗಿ ಕೈಯಲ್ಲೇ ಸುತ್ತುತ್ತದೆ, ಮಕ್ಕಳ ವ್ಯಾನಿಗೆ ಬೇಡ ಎಂದು ಅವರೇ ಹೇಳಿದರು. ಹೊಲಿಯುವುದರಲ್ಲಿ ಎರಡು ಬಣ್ಣ.

"ಕಪ್ಪು ತಗೊಳಮ್ಮ. ಕೊಳೆ, ಕಲೆ ಏನೂ ಕಾಣಲ್ಲ."

ನನ್ನ ಕಣ್ಣು ಆಗಲೇ ಜೇನು ಬಣ್ಣದ್ದರ ಮೇಲೆ ಬಿದ್ದಿತ್ತು. ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ ಮೋಡದ ಮೇಲೆ ಓಡುವ ಕುದುರೆಗೆ ಅದೇ ಬಣ್ಣದ ಕಡಿವಾಣ. ಅದನ್ನು ಅಂಗಡಿಯವರಿಗೆ ಹೇಳಲಾಗುತ್ತದೆಯೇ? ಸುಮ್ಮನೆ ಬೆರಳು ತೋರಿಸಿದೆ.

"ನಮ್ಮ ಕನಸಮ್ಮ ತೋರಿಸಿದ ಮೇಲೆ ಮುಗೀತು. ಅದನ್ನೇ ಕೊಡಿ," ಎಂದ ಅಪ್ಪ.

ಅರ್ಧ ಗಂಟೆಯಲ್ಲಿ ತಾವೇ ಹೊಲಿದು ಕೊಡುವುದಾಗಿ ಅಂಗಡಿಯವರು ಹೇಳಿದರು. ಅಪ್ಪ ಒಪ್ಪಲಿಲ್ಲ. "ನನ್ನ ಗಾಡಿ. ನಾನೇ ಹೊಲೀತೀನಿ." ಸರಿ ಹಾಗಾದರೆ ಎಂದು ಅವರು ದಬ್ಬಳದಂಥ ಸೂಜಿಯನ್ನೂ ಮೇಣ ಹಚ್ಚಿದ ದಾರವನ್ನೂ ಪೊಟ್ಟಣ ಕಟ್ಟಿ ಕೊಟ್ಟರು. ಹೊಲಿಯುವ ಮುಂಚೆ ಚರ್ಮವನ್ನು ಬಿಸಿಲಲ್ಲಿಟ್ಟು ಮೆತ್ತಗೆ ಮಾಡಿಕೊಳ್ಳಿ, ಜೋಡಣೆ ಕೆಳಬದಿಗೆ ಬರಲಿ, ಒಂದೇ ಸಲ ಬಿಗಿದು ಎಳೆಯಬೇಡಿ ಎಂದರು.

ಭಾನುವಾರ ಬೆಳಿಗ್ಗೆ ಅಪ್ಪ ಗೇಟಿನ ಒಳಗೆ ನಿಂತಿದ್ದ ವ್ಯಾನಿನ ಎರಡೂ ಬಾಗಿಲು ತೆರೆದಿಟ್ಟ. ಸೋಪಿನ ನೀರಲ್ಲಿ ಸ್ಟೀರಿಂಗ್ ಒರೆಸಿದ್ದು ನಾನು. ಬಟ್ಟೆ ಅದಕ್ಕೆ ಅಂಟಿ ಅಂಟಿ ಬರುತ್ತಿತ್ತು. ಬಿಸಿಲಲ್ಲಿ ಬೆಚ್ಚಗಾಗಿದ್ದ ಚರ್ಮವನ್ನು ಅಪ್ಪ ಸ್ಟೀರಿಂಗಿಗೆ ಹೊದಿಸಿದ. ನಾನು ಪಕ್ಕದ ಸೀಟಿನಲ್ಲಿ ಕುಳಿತು ಎರಡೂ ಅಂಚುಗಳನ್ನು ಒತ್ತಿ ಹಿಡಿದೆ. ಅವನು ಕನ್ನಡಕ ಏರಿಸಿಕೊಂಡು, ಎಡಗೈ ಬೆರಳುಗಳಿಂದ ಚರ್ಮವನ್ನು ಕೂಡಿಸಿ, ಬಲಗೈಯಿಂದ ತೂತಿನಿಂದ ತೂತಿಗೆ ಸೂಜಿ ಹಾಯಿಸತೊಡಗಿದ.

ಅಮ್ಮ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಮದುವೆಯಾಗಿ ಇಪ್ಪತ್ತಾರು ವರ್ಷ. ನಂಗೊಂದು ದಿಂಬಿನ ಚೀಲ ಹೊಲಿದು ಕೊಟ್ಟೋರಲ್ಲ. ಈ ಚಕ್ರಕ್ಕೆ ನೋಡು, ಕೋಟು ಹೊಲೀತಾರೆ."

"ಇದು ಹೇಳಿದ ಕಡೆ ತಿರುಗುತ್ತೆ ಕಣೇ," ಎಂದ ಅಪ್ಪ.

"ತಿರುಗಿದ್ದಿದ್ರೆ ಮೇಡಂ ಯಾಕೆ ಕರೆಸ್ತಿದ್ರು?" ಎಂದು ಅಮ್ಮ ಒಳಗೆ ಹೋದಳು. ಅಪ್ಪ ನಗುತ್ತಲೇ ಇದ್ದ. ಬಹಳ ದಿನಗಳ ಮೇಲೆ ಅವನು ಹಗುರಾಗಿದ್ದ. ನಾಳೆ ಮಕ್ಕಳು ಹೊಸ ಸ್ಟೀರಿಂಗ್ ನೋಡಿ ಏನನ್ನಬಹುದು ಎಂದು ತಾನೇ ಹೇಳಿಕೊಳ್ಳುತ್ತಿದ್ದ. ಅವರಲ್ಲೆಲ್ಲ ಸಣ್ಣವಳು, ಒಂದನೇ ಕ್ಲಾಸಿನವಳು, ಇದು ನಿಜವಾದ ಹಸುವಾ ಎಂದು ಕೇಳೇ ಕೇಳುತ್ತಾಳೆ ಎಂದ.

ಕಾಲು ಭಾಗ ಹೊಲಿಗೆ ಮುಗಿದಿರಬಹುದು. ಜೇನು ಬಣ್ಣದ ಮೇಲೆ ಒಂದು ಕಪ್ಪು ಚುಕ್ಕೆ ಕಂಡೆ. ಮುಂದಿನ ತೂತಿನ ಹತ್ತಿರ ಇನ್ನೊಂದು.

"ಅಪ್ಪ, ಇದು ಬಣ್ಣ ಬಿಡ್ತಿದೆ."

"ಬಿಡದೆ ಇನ್ನೇನು? ಅಷ್ಟು ಮಾತಾಡಿದಾಗಲೇ ಅಂದ್ಕೊಂಡೆ, ಆ ಮನುಷ್ಯನ ಮಾಲು ಸರಿಯಿಲ್ಲ ಅಂತ." ಅವನು ದಾರ ಎಳೆದ. ದಾರ ಬರಲಿಲ್ಲ. ಇನ್ನಷ್ಟು ಜೋರಾಗಿ ಎಳೆದ. "ಎಲ್ಲೋ ಗಂಟು ಬಿದ್ದಿದೆ. ನಿನ್ನ ಕಣ್ಣು ಚೆನ್ನಾಗಿದೆ, ಸ್ವಲ್ಪ ನೋಡು."

ಬಗ್ಗಿ ನೋಡಿದೆ. ಗಂಟು ಇರಲಿಲ್ಲ. ಸೂಜಿ ಅಪ್ಪನ ಎಡ ತೋರುಬೆರಳಿನ ತುದಿಯನ್ನು ತೂರಿಕೊಂಡು ಚರ್ಮದ ತೂತಿಗೆ ಹೋಗಿತ್ತು. ದಾರ ಅದರ ಹಿಂದೆಯೇ ಹೋಗಿತ್ತು. ಅಪ್ಪ ತನ್ನ ಬೆರಳನ್ನು ಸ್ಟೀರಿಂಗಿಗೆ ಸೇರಿಸಿ ಹೊಲಿದುಕೊಂಡು, ಆ ಹೊಲಿಗೆಯನ್ನು ಬಿಗಿಯುತ್ತಿದ್ದ. ಮುಖದಲ್ಲಿ ಇದ್ದದ್ದು ದಾರದ ಮೇಲಿನ ಸಿಟ್ಟು, ಅಷ್ಟೇ.

"ಅಪ್ಪ, ಕೈ ಅಲ್ಲಾಡಿಸಬೇಡ."

"ಯಾಕೆ?"

"ದಾರ ನಿನ್ನ ಬೆರಳೊಳಗೆ ಹೋಗಿದೆ."

ಅವನು ಕನ್ನಡಕ ಸರಿಮಾಡಿಕೊಂಡು ನೋಡಿದ. ಬೇರೆ ಯಾರದೋ ಬೆರಳನ್ನು ನೋಡುವಂತೆ, ಸ್ವಲ್ಪ ದೂರದಿಂದ, ಮರ್ಯಾದೆಯಿಂದ ನೋಡಿದ.

ಕತ್ತರಿಯಲ್ಲಿ ದಾರ ಕತ್ತರಿಸಿ ಬೆರಳಿನಿಂದ ಮೆಲ್ಲಗೆ ಎಳೆದೆ. ನಾನು ಹಲ್ಲು ಕಚ್ಚಿಕೊಂಡಿದ್ದೆ, ಕಣ್ಣು ತುಂಬಿತ್ತು. ಅವನು ಸುಮ್ಮನೆ ಕುಳಿತಿದ್ದ. ಅಜ್ಜಿಯ ಕಥೆಗಳಲ್ಲಿ ಕಾಡಿಗೆ ಹೋದ ಅಣ್ಣನ ಬೆರಳಿಗೆ ಮುಳ್ಳು ಹೊಕ್ಕರೆ ಏಳು ಬೆಟ್ಟದಾಚೆ ತಂಗಿ ನೆಟ್ಟ ಗಿಡ ಬಾಡುತ್ತಿತ್ತು. ನೋವು ಅಷ್ಟು ದೂರ ನಡೆದುಹೋಗಿ ಸುದ್ದಿ ಮುಟ್ಟಿಸುತ್ತದೆಂದು ನಾನು ನಂಬಿ ಬೆಳೆದವಳು. ಇಲ್ಲಿ ಅದು ಬೆರಳಿನಿಂದ ಅಪ್ಪನವರೆಗೂ ಬಂದಿರಲಿಲ್ಲ. ಒಂದೇ ಮನೆಯಲ್ಲಿದ್ದ ನನ್ನವರೆಗೂ ಬಂದಿರಲಿಲ್ಲ. ಕಪ್ಪು ಕವರ್ ತಂದಿದ್ದರೆ ರಕ್ತದ ಚುಕ್ಕೆ ಕಾಣದೆ ಇವತ್ತೂ ಬರುತ್ತಿರಲಿಲ್ಲವೇನೋ.

"ಯಾವಾಗಿಂದ?"

"ಏನು ಯಾವಾಗಿಂದ?"

"ಅಪ್ಪಾ."

ಅವನು ಬೆರಳಿಗೆ ಕರವಸ್ತ್ರ ಸುತ್ತಿಕೊಂಡ. "ಹೋದ ಚಳಿಗಾಲ. ಚಳಿಗೆ ಮರಗಟ್ಟಿದೆ ಅಂದ್ಕೊಂಡೆ. ಚಳಿಗಾಲ ಹೋಯ್ತು, ಇದು ಹೋಗ್ಲಿಲ್ಲ."

"ಕಾಲು?"

ಗೇಟಿನಾಚೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

"ಕಾಲು ಅದಕ್ಕೂ ಮುಂಚೆ."

"ಮತ್ತೆ ಬ್ರೇಕು?"

"ಬಗ್ಗಿ ನೋಡ್ಕೋತೀನಿ, ಕಾಲು ಎಲ್ಲಿದೆ ಅಂತ. ಅಭ್ಯಾಸ ಆಗಿದೆ."

"ನೀನು ಬಗ್ಗಿ ನೋಡುವಾಗ ರಸ್ತೆ ಯಾರು ನೋಡ್ತಾರಪ್ಪ?"

ಅವನು ಗುರುವಾರದ್ದನ್ನು ಹೇಳಿದ. ಮೂಲೆಯಲ್ಲಿ ಬ್ರೇಕ್ ಒತ್ತಿದ್ದನಂತೆ. ಒತ್ತಿದ್ದೇನೆ ಎಂದುಕೊಂಡಿದ್ದ, ಕಾಲು ಪಕ್ಕದಲ್ಲಿ ಬರಿಯ ನೆಲ ಒತ್ತುತ್ತಿತ್ತು. "ಡಬ್ ಅಂತ ನಿಂತಿತು. ಆ ಹುಡುಗಿ ಹಣೆ ಉಜ್ಜಿಕೊಂಡು ನಕ್ಕಳು ಕಣೇ. ಎಲ್ಲಾ ನಕ್ಕರು. ವ್ಯಾನ್ ಮಾಮ, ಇನ್ನೊಂದ್ಸಲ, ಇನ್ನೊಂದ್ಸಲ ಅಂತ ಚಪ್ಪಾಳೆ ಹೊಡೆದರು." ಅವನ ತುಟಿ ನಗುವ ಆಕಾರಕ್ಕೆ ಬಂದು ಅಲ್ಲೇ ನಿಂತಿತು. "ಮನೆಗೆ ಬರೋಷ್ಟರಲ್ಲಿ ಸ್ಟೀರಿಂಗೇ ಜಾರಿದ್ದು ಅಂತ ನನಗೇ ಅನ್ನಿಸಿಬಿಟ್ಟಿತ್ತು. ಸುಳ್ಳು ಹೇಳಿದ್ದಲ್ಲ."

"ಗೊತ್ತು."

"ಪರೀಕ್ಷೆ ಮುಗಿಯೋವರೆಗೆ ಓಡಿಸ್ತೀನಿ. ಮೂರು ತಿಂಗಳು. ನಿಧಾನಕ್ಕೆ ಹೋಗ್ತೀನಿ. ಅಮ್ಮನಿಗೆ ಹೇಳಬೇಡ ಪುಟ್ಟಿ."

ಹೂಂ ಅನ್ನುವುದು ಎಷ್ಟು ಸುಲಭವಿತ್ತು. ಅಪ್ಪ ನನ್ನಲ್ಲಿ ಏನನ್ನೂ ಕೇಳಿದವನಲ್ಲ. ಆದರೆ ಆ ಸಣ್ಣವಳು ನೆನಪಾದಳು. ದಿನಾ ಬ್ಯಾಗಿನ ಮೇಲೆ ಕೆನ್ನೆಯಿಟ್ಟು ಬಾಯಿ ತೆರೆದುಕೊಂಡು ನಿದ್ದೆ ಹೋಗುವವಳು. ವ್ಯಾನ್ ಓಡಿಸುತ್ತಿರುವುದು ವ್ಯಾನ್ ಮಾಮ ಎಂದ ಮೇಲೆ ಅವಳು ಎಚ್ಚರವಿರುವ ಅಗತ್ಯವೇನು?

"ಇಲ್ಲ ಅಪ್ಪ."

ಅವನ ಮುಖ ಕೆಂಪಾಯಿತು. "ಹಾಗಾದ್ರೆ ಹೊಟ್ಟೆಗೇನು ತಿನ್ನೋದು? ನಿನ್ನ ಕನಸು ಬೇಯಿಸ್ಕೊಂಡಾ?"

ಅವನು ಅಂಥ ಮಾತಾಡಿದ್ದು ನನ್ನ ಬದುಕಿನಲ್ಲೇ ಮೊದಲು. ಮರುಕ್ಷಣ ಮುಖ ಆಚೆ ತಿರುಗಿಸಿಕೊಂಡ. ಅಷ್ಟರಲ್ಲಿ ಅಮ್ಮ ಚಹಾದ ಲೋಟ ಹಿಡಿದು ಬಂದವಳು ಕರವಸ್ತ್ರ ನೋಡಿದಳು, ನನ್ನ ಕಣ್ಣು ನೋಡಿದಳು. "ಏನು?" ಎಂದಳು. ನಾನು ಬಾಯಿ ತೆರೆಯುವ ಮುಂಚೆ ಅಪ್ಪನೇ ಎಲ್ಲ ಹೇಳಿದ, ವಿಂಡ್‌ಸ್ಕ್ರೀನ್ ನೋಡಿಕೊಂಡು.

ಅಮ್ಮ ಅಳಲಿಲ್ಲ. ಲೋಟ ಕೆಳಗಿಟ್ಟು, ತೆರೆದ ಬಾಗಿಲ ಪಕ್ಕ ಕುಕ್ಕುರುಗಾಲಲ್ಲಿ ಕುಳಿತು, ಅಪ್ಪನ ಬಲಗಾಲನ್ನು ತನ್ನ ಕಡೆ ಎಳೆದುಕೊಂಡು ಚಪ್ಪಲಿ ಕಳಚಿದಳು. ಅಂಗಾಲನ್ನು ಉಗುರಿನಿಂದ ಚಿವುಟಿದಳು. ಅವನ ಮುಖವನ್ನೇ ನೋಡುತ್ತಿದ್ದಳು.

"ಹೂಂ, ಚಿವುಟು ನೋಡೋಣ," ಎಂದ ಅಪ್ಪ.

ಅಮ್ಮನ ಉಗುರು ಆಗಲೇ ಚರ್ಮದೊಳಗೆ ಇಳಿದಿತ್ತು. ಅವಳು ಕೈ ತೆಗೆದು ಆ ಜಾಗವನ್ನು ಸೆರಗಿನಿಂದ ಒರೆಸಿದಳು. ಮತ್ತೆ ಮತ್ತೆ ಒರೆಸಿದಳು. "ಫೋನ್ ಮಾಡ್ರೀ," ಎಂದಳು. "ಮೇಡಂಗೆ ಫೋನ್ ಮಾಡಿ."

ಅಪ್ಪ ಮೇಡಂಗೆ ಮಾತ್ರವಲ್ಲ, ಹನ್ನೊಂದು ಮನೆಗಳಿಗೂ ಫೋನ್ ಮಾಡಿದ. ಹೊಸಿಲ ಮೇಲೆ ಕುಳಿತು, ಒಂದೊಂದು ಮನೆಗೂ ಅದೇ ಮಾತು: "ನನ್ನ ಕೈಕಾಲು ನಂಬೋ ಹಾಗಿಲ್ಲ. ನಾಳೆಯಿಂದ ಬೇರೆಯವರು ಬರ್ತಾರೆ. ಗುರುವಾರ ಆಗಿದ್ದು ಗಾಡಿಯ ತಪ್ಪಲ್ಲ, ನಂದು." ಹಣೆ ಊದಿದ ಹುಡುಗಿಯ ತಾಯಿ ಏನೆಂದರೋ ಗೊತ್ತಿಲ್ಲ. ಅಪ್ಪ ಎದ್ದು ನಿಂತು ಕೇಳಿಸಿಕೊಂಡ. ಕೊನೆಗೆ "ಹೌದಮ್ಮ, ಹೌದು" ಎಂದ. ನಾನು ವ್ಯಾನಿನಲ್ಲಿ ಒಬ್ಬಳೇ ಕುಳಿತು ಉಳಿದದ್ದನ್ನು ಹೊಲಿದೆ. ನನ್ನ ಬೆರಳಿಗೂ ಎರಡು ಸಲ ಸೂಜಿ ತಾಗಿತು. ಎರಡು ಸಲವೂ ಉರಿಯಿತು.

ಸೋಮವಾರ ಏಳು ಗಂಟೆಗೆ ಅಪ್ಪನ ಹಳೆಯ ಸ್ನೇಹಿತ ಬಂದರು. ಸ್ಪೀಡಿನ ಮುಳ್ಳು ನಲವತ್ತರ ಮೇಲೆ ಏರಿಸದೆ ಬಸ್ ಓಡಿಸಿ ನಿವೃತ್ತರಾದವರು, ಅದಕ್ಕೇ ಎಲ್ಲರೂ ಅವರನ್ನು ರಾಕೆಟ್ ಅನ್ನುತ್ತಾರೆ. ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು, "ಭೇಷ್. ಒಳ್ಳೆ ಹಿಡಿತ ಇದೆ. ಯಾರು ಹೊಲಿದಿದ್ದು?" ಎಂದರು.

"ಸ್ವಲ್ಪ ನಾನು, ಉಳಿದದ್ದು ಮಗಳು," ಎಂದ ಅಪ್ಪ.

ಹನ್ನೊಂದು ಮನೆಗಳ ದಾರಿ ತೋರಿಸಲು ಆ ಒಂದು ದಿನ ಅವನೂ ಹೋಗಬೇಕಿತ್ತು. ಮುಂದಿನ ಸೀಟು ಖಾಲಿಯಿದ್ದರೂ ಅಪ್ಪ ಕಟ್ಟಕಡೆಯ ಸೀಟಿಗೆ ಹೋಗಿ ಕುಳಿತ. ಸಣ್ಣವಳ ಮನೆ ನಮ್ಮ ಎದುರಿಗೇ. ಅವಳೇ ಮೊದಲು ಹತ್ತಿದಳು. ನೇರವಾಗಿ ಹಿಂದೆ ಹೋಗಿ ಅವನ ಪಕ್ಕ ಕುಳಿತಳು.

"ವ್ಯಾನ್ ಮಾಮ, ನೀವ್ಯಾಕೆ ನಮ್ಮ ಸೀಟಲ್ಲಿ?"

"ನಾನೂ ಶಾಲೆಗೆ ಬರ್ತೀನಿ ಇವತ್ತು. ಒಂದನೇ ಕ್ಲಾಸಿಗೆ."

"ಮತ್ತೆ ಬ್ಯಾಗ್ ಎಲ್ಲಿ?"

ಅಪ್ಪ ತನ್ನ ಖಾಲಿ ಮಡಿಲನ್ನು ನೋಡಿಕೊಂಡ. ಬಾಗಿಲು ಸರಿದು ಮುಚ್ಚಿತು.

ವ್ಯಾನ್ ಹೊರಟಿತು. ಹಿಂದಿನ ಗಾಜಿನಲ್ಲಿ ಅಪ್ಪನ ತಲೆ, ಅದರ ಪಕ್ಕದಲ್ಲಿ ಎರಡು ಪುಟ್ಟ ಜಡೆಗಳು. ಗೇಟಿನ ಬಳಿ ಅಮ್ಮ ನನ್ನ ತೋಳು ಹಿಡಿದುಕೊಂಡಿದ್ದಳು. ಬೀದಿಯ ಮೂಲೆ ಬಂತು. ರಾಕೆಟ್ ಇನ್ನೂ ಬ್ರೇಕ್ ಒತ್ತಿರಲಿಲ್ಲ, ಒತ್ತುವ ಹೊತ್ತೂ ಆಗಿರಲಿಲ್ಲ. ಗಾಜಿನಾಚೆ ಅಪ್ಪನ ಬೆನ್ನು ಬಿಗಿಯಿತು, ಬಲಭುಜ ಮುಂದಕ್ಕೆ ವಾಲಿತು, ಅವನ ಕಾಲು ಅಲ್ಲೆಲ್ಲೋ ಸೀಟಿನ ಕೆಳಗೆ ಖಾಲಿ ನೆಲವನ್ನು ಜೋರಾಗಿ ಒತ್ತುತ್ತಿತ್ತು. ಆಮೇಲೆ ಕೆಂಪು ದೀಪಗಳು ಹೊತ್ತಿಕೊಂಡವು. ವ್ಯಾನ್ ನಿಧಾನವಾಗಿ, ಸ್ವಲ್ಪವೂ ಅಲುಗಾಡದೆ, ತಿರುಗಿ ಹೋಯಿತು.