ಬೇಕರಿ ಅತ್ತೆಯ ಮೊಕದ್ದಮೆ

ಒಲೆಗೆ ಬ್ರೆಡ್ ತಳ್ಳುವ ಉದ್ದ ಹಿಡಿಯ ಹಲಗೆ ಕೋರ್ಟಿನ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಒಳಗೂ ಬರಲೊಲ್ಲದು, ಹೊರಗೂ ಹೋಗಲೊಲ್ಲದು. ಪೇದೆ ಅದನ್ನು ಒಮ್ಮೆ ಓರೆ ಮಾಡಿದ, ಇನ್ನೊಮ್ಮೆ ನೆಟ್ಟಗೆ ಎತ್ತಲು ಹೋಗಿ ತಿರುಗುವ ಫ್ಯಾನಿಗೇ ತಗುಲಿಸಿಬಿಡುವುದರಲ್ಲಿದ್ದ. ಇಕ್ಕಟ್ಟಾದ ವರಾಂಡದಲ್ಲಿ ನಿಂತವರೆಲ್ಲ ತಲೆಗೊಂದು ಸಲಹೆ ಕೊಡತೊಡಗಿದರು. "ಹಿಂದಕ್ಕೆ ತಗೊಳ್ರಿ!" "ಬಾಲ ಎತ್ತಿ, ಬಾಲ!" ಬೆಂಚುಗಳಲ್ಲಿ ನಗು ಹಬ್ಬಿತು. ನ್ಯಾಯಾಧೀಶರು ಕನ್ನಡಕ ತೆಗೆದು, "ಇದು ಸಾಕ್ಷ್ಯವೋ ದೋಣಿಯೋ?" ಎಂದರು.

ಕಟಕಟೆಯಲ್ಲಿದ್ದ ಆರೋಪಿ ಮಾತ್ರ ನಗಲಿಲ್ಲ. "ಅಂಚು ಮುರೀಬೇಡಿ, ಪುಣ್ಯಾತ್ಮರೇ. ಅದರಲ್ಲೇ ಬ್ರೆಡ್ ತೆಗೀಬೇಕು ನಾನು."

ಬೀದಿಯವರಿಗೆಲ್ಲ ಆಕೆ ಬೇಕರಿ ಅತ್ತೆ. ನಿಜಕ್ಕೂ ಅತ್ತೆಯಾಗಿದ್ದದ್ದು ಒಬ್ಬಳಿಗೆ. ಮಗ ಸತ್ತ ಮೇಲೆ ಸೊಸೆ ತವರಿಗೆ ಹೋಗುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು, ಅವಳು ಹೋಗಲಿಲ್ಲ. ಅಂದಿನಿಂದ ಇಬ್ಬರೂ ಒಂದೇ ಒಲೆಯ ಮುಂದೆ ಬೆಂದರು, ಒಬ್ಬರನ್ನೊಬ್ಬರು ಬೇಯಿಸಿದರು. ಹಿಟ್ಟು ಗಟ್ಟಿಯಾಯಿತೆಂದು ಒಂದು ಜಗಳ, ತೆಳುವಾಯಿತೆಂದು ಇನ್ನೊಂದು. ಬೆಳಿಗ್ಗೆ ಬ್ರೆಡ್ಡಿನ ವಾಸನೆಗಿಂತ ಮೊದಲು ಬೀದಿಗೆ ಬರುತ್ತಿದ್ದದ್ದು ಇವರ ದನಿ.

ಈಗ ಅತ್ತೆಯ ಮೇಲೆ ಕಟ್ಟಡದ ಮಾಲೀಕನ ಹೆಗಲ ಮೂಳೆ ಮುರಿದ ಆರೋಪ. ಮಾಲೀಕ ಬೆಳಿಗ್ಗೆಯೇ ಸಾಕ್ಷಿ ಹೇಳಿ ಮುಂದಿನ ಬೆಂಚಿನಲ್ಲಿ ಕೂತಿದ್ದ. ತಾನು ಬ್ರೆಡ್ ಕೊಳ್ಳಲು ಹೋಗಿ ಬೀದಿಯಲ್ಲಿ ನಿಂತಿದ್ದೆ, ಅಂಗಡಿ ಖಾಲಿ ಮಾಡಿ ಎಂದಿದ್ದ ಸಿಟ್ಟಿಗೆ ಈ ಹೆಂಗಸು ಹಲಗೆ ಎತ್ತಿಕೊಂಡು ಓಡಿಬಂದು ಬಾರಿಸಿದಳು ಎಂದಿದ್ದ. ವೈದ್ಯರ ವರದಿಯೂ ಅವನ ಪರವಾಗಿತ್ತು. ಜೈಲಾದರೆ ಬೇಕರಿಗೂ ಬೀಗ ಬಿದ್ದಂತೆಯೇ.

ಅತ್ತೆಯ ವಕೀಲೆ ಕಿರಿಯಳು. ಅಲ್ಲಿಯವರೆಗೆ ಜಾಮೀನು ಅರ್ಜಿಗಳಲ್ಲೇ ದಿನ ತಳ್ಳಿದವಳು; ಸಾಕ್ಷಿಯನ್ನು ನಿಲ್ಲಿಸಿ ಪ್ರಶ್ನಿಸುವುದು ಇದೇ ಮೊದಲು. ಕಕ್ಷಿದಾರಳೋ, ಬಾಯಿ ಬಿಡುತ್ತಿರಲಿಲ್ಲ. ಕೇಳಿದಾಗಲೆಲ್ಲ ಒಂದೇ ಮಾತು: "ಹೊಡೆದೆ. ಇನ್ನೇನು ಹೇಳ್ಲಿ?" ಹಿರಿಯ ವಕೀಲರು ತಪ್ಪೊಪ್ಪಿಗೆ ಕೊಡಿಸು, ಕಡಿಮೆಯಲ್ಲಿ ಮುಗಿಯುತ್ತದೆ ಎಂದು ಬುದ್ಧಿ ಹೇಳಿ, ಈಗ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು.

ಪೇದೆ ಕೊನೆಗೂ ಹಲಗೆಯನ್ನು ಒಳಗೆ ತಂದ. ಒಂದು ತುದಿ ಗುಮಾಸ್ತರ ಮೇಜಿನ ಮೇಲೆ, ಇನ್ನೊಂದು ತುದಿ ವಕೀಲರ ಬೆಂಚಿನ ಮೇಲೆ. ವಕೀಲೆ ಅದನ್ನು ನೋಡಿದಳು, ಬಾಗಿಲನ್ನು ನೋಡಿದಳು. ಒಮ್ಮೆ ಹೋಗಿ ನೋಡಿದ್ದ ಬೇಕರಿಯ ಒಳಗು ಕಣ್ಣ ಮುಂದೆ ಬಂತು: ಮುಂದೆ ಅಂಗಡಿ, ಹಿಂದೆ ಒಲೆಯ ಕೋಣೆ, ನಡುವೆ ಗೋಡೆಯ ತಿರುವು. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬೇಡ ಎನ್ನುತ್ತಿದ್ದರು ಹಿರಿಯರು. ಕೇಳದೆ ಬಿಟ್ಟರೆ ಈ ಜನ್ಮದಲ್ಲಿ ನಿದ್ದೆ ಬರುವುದಿಲ್ಲ ಅನ್ನಿಸಿತು.

"ಇದನ್ನ ಎಲ್ಲಿಂದ ವಶಕ್ಕೆ ತಗೊಂಡ್ರಿ?" ಸಾಕ್ಷಿಯ ಕಟಕಟೆ ಹತ್ತಿದ ಪೇದೆಯನ್ನು ಕೇಳಿದಳು.

"ಒಲೆ ಕೋಣೆಯಿಂದ ಮೇಡಂ."

"ಅಲ್ಲಿಂದ ಬೀದಿಗೆ ಹೇಗೆ ತಂದ್ರಿ?"

ಸರ್ಕಾರಿ ವಕೀಲರು ಎದ್ದರು. "ಇದೇನು ಪ್ರಶ್ನೆ ಸ್ವಾಮಿ! ತಲೆ ಮೇಲೆ ಹೊತ್ಕೊಂಡು ಬಂದಿರ್ತಾರೆ."

"ಅವರೇ ಹೇಳಲಿ ಬಿಡಿ" ಎಂದರು ನ್ಯಾಯಾಧೀಶರು.

ಪೇದೆ ಕತ್ತಿನ ಬೆವರು ಒರೆಸಿಕೊಂಡ. ಮಾಲೀಕನ ಕಡೆ ನೋಡಿ ಕಣ್ಣು ತಪ್ಪಿಸಿದ. "ಹೊತ್ಕೊಂಡು ಬರಕ್ಕೆ ಆಗ್ಲಿಲ್ಲ ಸ್ವಾಮಿ. ಅಂಗಡಿಗೆ ಬರೋ ಕಡೆ ಗೋಡೆ ತಿರುಗತ್ತೆ. ಇಬ್ಬರು ಒದ್ದಾಡಿದ್ರೂ ದಾಟಲಿಲ್ಲ. ಕೊನೆಗೆ ಕಿಟಕಿ ಸರಳು ಬಿಚ್ಚಿಸಿ, ಪಕ್ಕದ ಸಂದಿಗೆ ಇಳಿಸಿದ್ವಿ."

ಕೋರ್ಟಿನಲ್ಲಿ ಗುಸುಗುಸು ಎದ್ದಿತು. ವಕೀಲೆ ಒಂದು ಹೆಜ್ಜೆ ಮುಂದೆ ಬಂದಳು.

"ಅಂದ್ರೆ ಒಬ್ಬ ಹೆಂಗಸು ಸಿಟ್ಟಲ್ಲಿ ಇದನ್ನ ಎತ್ಕೊಂಡು ಬೀದಿಗೆ ಓಡಿಬರಕ್ಕೆ..."

"ಸಿಟ್ಟಲ್ಲೂ ಆಗಲ್ಲ, ಸಮಾಧಾನದಲ್ಲೂ ಆಗಲ್ಲ ಮೇಡಂ."

ನಗು ಸಿಡಿಯಿತು. ನ್ಯಾಯಾಧೀಶರು ನಗಲಿಲ್ಲ, ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಮಾಲೀಕ ಕೂತಲ್ಲೇ ಸರಿದಾಡಿದ. ಊಟದ ನಂತರ ಆರೋಪಿಯ ಹೇಳಿಕೆ, ಆಕೆಯ ಕಡೆಯ ಸಾಕ್ಷಿಯಿದ್ದರೆ ಅದೂ ಆಗಲಿ ಎಂದು ಹೇಳಿ ನ್ಯಾಯಾಧೀಶರು ಎದ್ದರು.

ವಕೀಲೆ ಮೆಟ್ಟಿಲು ಇಳಿದದ್ದಲ್ಲ, ಹಾರಿದ್ದು. ಹಿರಿಯರು ಹಿಂದಿನಿಂದ ಹಿಡಿದು ನಿಲ್ಲಿಸಿದರು. "ಕುಣೀಬೇಡ. ಜಾಗ ಸುಳ್ಳಾಯ್ತು, ಪೆಟ್ಟು ಸುಳ್ಳಾಗಲಿಲ್ಲ. ಅವನು ಒಲೆ ಹತ್ರ ಯಾಕೆ ಹೋದ? ಅದನ್ನ ಹೇಳೋರು ಬೇಕು."

ಹೇಳುವವರು ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕೂತಿದ್ದರು. ಒಂದು ತುದಿಗೆ ಅತ್ತೆ, ಇನ್ನೊಂದು ತುದಿಗೆ ಸೊಸೆ, ನಡುವೆ ಬಿಚ್ಚದ ಬುತ್ತಿ.

"ಅವನು ಒಳಗೆ ಬಂದಿದ್ದ, ಅಲ್ವಾ?" ವಕೀಲೆ ಕೇಳಿದಳು.

ಅತ್ತೆ ಮುಖ ತಿರುಗಿಸಿದಳು. "ಹೊಡೆದೆ ಅಂದ್ನಲ್ಲ ವಕೀಲಮ್ಮ. ಜೈಲಾದ್ರೆ ಆಗ್ಲಿ. ನನಗೇನು, ಹಣ್ಣೆಲೆ."

"ಯಾಕೆ ಹೊಡೆದ್ರಿ?"

"ಅದು ಬೇಡ."

ಸೊಸೆ ಎದ್ದು ನಿಂತಳು. "ನಾನು ಹೇಳ್ತೀನಿ."

"ಕೂತ್ಕೊಳೇ! ನನ್ನ ಮೇಲೆ ಆಣೆ ಇಟ್ಟಿದೀಯ. ಮಾತಾಡಿದ್ರೆ ಮೈಲಿಗೆ ನಿನಗೆ, ಅವನಿಗಲ್ಲ. ನಾಳೆ ಬೀದಿಯೋರ ಬಾಯಿಗೆ ಬೀಳೋಳು ನೀನು. ನನ್ನ ಮಾತು ಕೇಳು."

"ನಿಮ್ಮ ಮಾತು ನಾನು ಯಾವತ್ತು ಕೇಳಿದೀನಿ ಅತ್ತೆ?" ಸೊಸೆ ಸೆರಗು ಸರಿಮಾಡಿಕೊಂಡಳು. "ಇವತ್ತು ಯಾಕೆ ಶುರು ಮಾಡ್ಲಿ?"

ಅತ್ತೆ ಬಿಚ್ಚದ ಬುತ್ತಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

ಮಧ್ಯಾಹ್ನ ಕಾಲಿಡಲು ಜಾಗವಿರಲಿಲ್ಲ. ಸುದ್ದಿ ಹೇಗೋ ಬೀದಿ ಮುಟ್ಟಿತ್ತು. ಬ್ರೆಡ್ ಕೊಳ್ಳುವವರೆಲ್ಲ ಬಂದು ಗೋಡೆಗೆ ಒರಗಿದ್ದರು. ಅತ್ತೆಯ ಹೇಳಿಕೆ "ಹೊಡೆದೆ" ಎಂಬ ಒಂದೇ ಮಾತಿನಲ್ಲಿ ಮುಗಿಯಿತು. ಸೊಸೆ ಸಾಕ್ಷಿಯ ಕಟಕಟೆ ಹತ್ತಿ ಸರಳನ್ನು ಎರಡೂ ಕೈಯಿಂದ ಹಿಡಿದಳು. ಅತ್ತೆ ಕಣ್ಣು ಮುಚ್ಚಿಕೊಂಡಳು.

"ಇನ್ನೂ ಅಂಗಡಿ ತೆಗೆದಿರ್ಲಿಲ್ಲ. ಶಟರ್ ಅರ್ಧ ಎತ್ತಿತ್ತು. ಇವರು ಬಗ್ಗಿ ಒಳಗೆ ಬಂದ್ರು. ಒಲೆ ಮುಂದೆ ನಾನೊಬ್ಬಳೇ ಅಂದ್ಕೊಂಡ್ರು." ಅವಳು ಮಾಲೀಕನ ಕಡೆ ಬೆರಳು ತೋರಿಸಿದಳು. "ಕೈ ಹಿಡಿದು ಗೋಡೆಗೆ ಒತ್ತಿದ್ರು. ಬಾಯಿ ಮುಚ್ಚಿದ್ರು. ಪಕ್ಕದಲ್ಲೇ ಒಲೆ, ಕಾದ ಒಲೆ. ಅತ್ತೆ ಹಿಟ್ಟಿನ ಮೂಟೆ ಹಿಂದೆ ಇದ್ರು. ಹಲಗೆ ಕೈಯಲ್ಲೇ ಇತ್ತು. ಬೀಸಕ್ಕೆ ಅಲ್ಲಿ ಜಾಗ ಎಲ್ಲಿದೆ? ಒಲೆಗೆ ಬ್ರೆಡ್ ತಳ್ತಾರಲ್ಲ, ಹಾಗೆ ತಳ್ಳಿದ್ರು. ಒಂದ್ಸಲಕ್ಕೆ ಇವರು ಬಿಡ್ಲಿಲ್ಲ. ಇನ್ನೊಂದ್ಸಲ ತಳ್ಳಿದ್ರು. ಆಗ ಬಿಟ್ರು."

ನ್ಯಾಯಾಧೀಶರು ಪ್ರತಿ ಮಾತನ್ನೂ ಬರೆದುಕೊಂಡರು.

ಸರ್ಕಾರಿ ವಕೀಲರು ನಿಧಾನವಾಗಿ ಎದ್ದರು. "ನಿಮ್ಮಿಬ್ಬರಿಗೂ ದಿನಾ ಜಗಳ. ಇಡೀ ಬೀದಿಗೆ ಗೊತ್ತು. ಹೌದೋ ಇಲ್ವೋ?"

"ಹೌದು."

"ಇವತ್ತು ಬೆಳಿಗ್ಗೆ?"

"ಬೆಳಿಗ್ಗೆನೂ ಆಡಿದ್ವಿ. ಬುತ್ತಿ ಕಟ್ಟೋ ವಿಷಯಕ್ಕೆ."

"ಹಾಗಿದ್ದೋರಿಗೆ ಈಗ ಇದ್ದಕ್ಕಿದ್ದಂತೆ ಅತ್ತೆ ಮೇಲೆ ಪ್ರೀತಿ ಉಕ್ಕಿಬಂತಾ?"

"ಪ್ರೀತಿ ಅಂತ ನಾನೆಲ್ಲಿ ಹೇಳಿದೆ ಸ್ವಾಮಿ?" ಅವಳು ಮೊದಲ ಸಲ ಅವರ ಮುಖ ನೋಡಿದಳು. "ನಡೆದದ್ದು ಹೇಳಿದೆ. ಸುಳ್ಳು ಹೇಳೋ ಹಾಗಿದ್ರೆ, ನನ್ನ ಮಾನ ಬೀದಿಗಿಡೋ ಸುಳ್ಳೇ ಬೇಕಿತ್ತಾ?"

ಸರ್ಕಾರಿ ವಕೀಲರು ಕೈಯಲ್ಲಿದ್ದ ಕಾಗದ ಮಡಚಿ, "ಬೇರೇನೂ ಕೇಳೋದಿಲ್ಲ" ಎಂದು ಕೂತರು.

ಆಮೇಲೆ ವಕೀಲೆ ವಾದಿಸಿದ್ದು ಅವಳಿಗೇ ಸರಿಯಾಗಿ ನೆನಪಿಲ್ಲ. ತನ್ನ ಮೈಯನ್ನಷ್ಟೇ ಅಲ್ಲ, ಇನ್ನೊಬ್ಬರ ಮೈಯನ್ನೂ ಕಾಯುವ ಹಕ್ಕು ಕಾನೂನಿನಲ್ಲಿದೆ ಎಂದು ಹೇಳುವಾಗ ದನಿ ಎಷ್ಟು ಏರಿತ್ತೆಂದರೆ, ನ್ಯಾಯಾಧೀಶರು "ನನಗೆ ಕಿವಿ ಕೇಳುತ್ತದೆ ತಾಯಿ" ಎಂದದ್ದು ಮಾತ್ರ ನೆನಪಿದೆ.

ತೀರ್ಪಿಗೆ ಮುಂದಿನ ವಾರ ಬನ್ನಿ ಎಂದರು. ಆ ವಾರವೆಲ್ಲ ಬೇಕರಿಯಲ್ಲಿ ಎಂದಿನ ಜಗಳ ಕೇಳಿಸುತ್ತಿಲ್ಲವೆಂದು ಬೀದಿಯವರು ಗಾಬರಿಯಾದರು.

ತೀರ್ಪಿನ ದಿನ ನ್ಯಾಯಾಧೀಶರು ತಲೆಯೆತ್ತದೆ ಓದುತ್ತ ಹೋದರು. ಪುಟ ತಿರುಗಿತು. ಮತ್ತೊಂದು ತಿರುಗಿತು. ವಕೀಲೆ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು. ದೂರುದಾರನ ಮಾತು ನಂಬಲರ್ಹವಲ್ಲ ಎಂಬಲ್ಲಿಗೆ ಹಿಂದಿನ ಸಾಲಿನ ಯಾರೋ ಉಸಿರು ಬಿಟ್ಟರು. "ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ" ಎಂದದ್ದೇ ತಡ, ಬ್ರೆಡ್ ಕೊಳ್ಳುವವರ ಗುಂಪು ಹೋ ಎಂದಿತು. ಜವಾನ "ಸದ್ದು, ಸದ್ದು!" ಎಂದು ಕೂಗಿದ, ಅವನ ಮುಖವೂ ಅರಳಿತ್ತು. ಹಿರಿಯ ವಕೀಲರು ಹತ್ತಿರ ಬಂದು, "ಉತ್ತರ ಗೊತ್ತಿಲ್ಲದೆ ಕೇಳಿದೆ ತಾನೆ?" ಎಂದರು. ಅವಳು ತಲೆಯಾಡಿಸಿದಳು. ಅವರು ಅವಳ ಬೆನ್ನಿಗೊಂದು ಗುದ್ದು ಕೊಟ್ಟು ಹೋದರು.

ವಕೀಲೆ ಕರಿಕೋಟು ಹಾರಿಸಿಕೊಂಡು ಅವರಿಬ್ಬರನ್ನು ಹುಡುಕುತ್ತ ಅಂಗಳಕ್ಕೆ ಓಡಿದಳು. ಅಂಗಳದ ಮೂಲೆಯಲ್ಲಿ ಕುಡಿಯುವ ನೀರಿನ ನಲ್ಲಿ. ಸೊಸೆ ಅದರ ಮುಂದೆ ಲೋಟ ಹಿಡಿದು ನಿಂತಿದ್ದಳು. ಕೈ ಎಷ್ಟು ನಡುಗುತ್ತಿತ್ತೆಂದರೆ ನೀರೆಲ್ಲ ಸೆರಗಿಗೆ ಚೆಲ್ಲುತ್ತಿತ್ತು. ಅತ್ತೆ ಲೋಟ ಕಿತ್ತು ಕಟ್ಟೆಯ ಮೇಲಿಟ್ಟಳು. "ಒಂದು ಲೋಟ ಹಿಡಿಯಕ್ಕೆ ಬರಲ್ಲ" ಎಂದು ಬೈದಳು. ನಲ್ಲಿಯ ಕೆಳಗೆ ಬೊಗಸೆಯೊಡ್ಡಿ, ತುಂಬಿದ ಮೇಲೆ ಮೇಲೆತ್ತಿ ಹಿಡಿದಳು.

ಸೊಸೆ ಬಗ್ಗಿ, ಅತ್ತೆಯ ಬೊಗಸೆಯಿಂದ ನೀರು ಕುಡಿದಳು. ಬರಿದಾದದ್ದನ್ನು ನೋಡಿ ಅತ್ತೆ ಮತ್ತೆ ನಲ್ಲಿಗೆ ಕೈಯೊಡ್ಡಿದಳು.