ಹೆಜ್ಜೆಯ ಉದ್ದ

2018ರ ಫೆಬ್ರವರಿ 8, ಗುರುವಾರ, ಮಧ್ಯಾಹ್ನ 3 ಗಂಟೆ 40 ನಿಮಿಷ. ಪತ್ರಿಕೆಯ ಕಲಾವಿದ ತಂದಿಟ್ಟ ಕರಡು ಪುಟದಲ್ಲಿ ಎಂಟೂವರೆ ಅಡಿ ಎತ್ತರದ ಮನುಷ್ಯನೊಬ್ಬ ಸರೋವರದ ದಡದಲ್ಲಿ ನಿಂತಿದ್ದ. ಹೋಲಿಕೆಗೆಂದು ಅವನ ಪಕ್ಕದಲ್ಲಿ ಬರೆದ, ಟೈ ಕಟ್ಟಿದ ಇಂದಿನ ಗಂಡಸು ಅವನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ.

"ಹೇಗಿದ್ದಾನೆ, ಡೈನೋಸಾರಕ್ಕ?" ಎಂದ ಕಲಾವಿದ. ವಿಜ್ಞಾನ ಪುಟದ ವರದಿಗಾರ್ತಿಯನ್ನು ಕಚೇರಿಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು.

"ಯಾರೋ ಇವನು?"

"ನಿಮ್ಮವನೇ. ಹೆಜ್ಜೆಯ ಉದ್ದ ಮೂವತ್ತೊಂಬತ್ತು ಸೆಂಟಿಮೀಟರ್ ಅಂತ ಬರೆದಿದ್ದೀರಿ. ಪಾದ ಅನ್ನೋದು ಎತ್ತರದ ನೂರಕ್ಕೆ ಹದಿನೈದು ಪಾಲು ಅಂತ ಕೆಳಗೆ ನೀವೇ ಬರೆದಿದ್ದೀರಿ. ಭಾಗಿಸಿದೆ. ಎರಡು ಮೀಟರ್ ಅರವತ್ತು. ಲೆಕ್ಕದಲ್ಲಿ ನಾನು ಅಷ್ಟೊಂದು ದಡ್ಡ ಅಲ್ಲ ಬಿಡಿ."

ಲೆಕ್ಕ ಸರಿಯಾಗಿಯೇ ಇತ್ತು. ಅವಳು ಬರೆದದ್ದು ಒಂದು ಪಾದದಿಂದ ಮುಂದಿನ ಪಾದಕ್ಕಿರುವ ದೂರವನ್ನು. ಅವನು ಓದಿಕೊಂಡದ್ದು ಕೆಸರಿನಲ್ಲಿ ಮೂಡಿದ ಗುರುತನ್ನು. ಇಡುವುದೂ ಹೆಜ್ಜೆಯೇ, ಇಟ್ಟು ಹೋದ ಮೇಲೆ ಉಳಿಯುವುದೂ ಹೆಜ್ಜೆಯೇ. ಒಂದೇ ಮಾತು ಎರಡು ಕೆಲಸ ಮಾಡುತ್ತಿತ್ತು, ನಡುವಿನ ಸಂದಿಯಿಂದ ದೈತ್ಯನೊಬ್ಬ ನುಸುಳಿ ಬಂದಿದ್ದ.

ಚಿತ್ರವನ್ನು ಮೊದಲೇ ನೋಡಿದ್ದ ಸುದ್ದಿ ಸಂಪಾದಕರು ಊಟದ ಹೊತ್ತಿಗೆ ಬಂದು, "ನಿನ್ನ ಹೆಜ್ಜೆ ನಾಳೆ ಮುಖಪುಟಕ್ಕೆ" ಎಂದದ್ದು ಏಕೆಂದು ಅವಳಿಗೆ ಈಗ ಹೊಳೆಯಿತು. ಯಾವ ವರದಿ ಕೊಟ್ಟರೂ ಅರ್ಧ ಕತ್ತರಿಸುವ ಅವರಿಗೆ ಕತ್ತರಿ ಎಂದೇ ಹೆಸರು. ಹನ್ನೊಂದು ವರ್ಷಗಳಲ್ಲಿ ಅವಳ ಒಂದು ಸಾಲೂ ಮುಖಪುಟ ಕಂಡಿರಲಿಲ್ಲ. ಪದಬಂಧದ ಎದುರಿನ, ಹುಳುಹುಪ್ಪಟೆಗಳ ಸುದ್ದಿಯೇ ಹೆಚ್ಚಿದ್ದ ಅವಳ ಪುಟವನ್ನು ಸಹೋದ್ಯೋಗಿಗಳು ಜಿರಳೆ ಪುಟ ಎಂದು ಆಡಿಕೊಳ್ಳುತ್ತಿದ್ದರು. ಕತ್ತರಿ ಅತ್ತ ತಿರುಗುವುದೇ ತಡ, ಅವಳು ಅಮ್ಮನಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟಿದ್ದಳು.

ನನ್ನ ಸಾಲೇನೂ ತಪ್ಪಲ್ಲ, ಎಂದುಕೊಂಡಳು. ತಪ್ಪಿರುವುದು ಚಿತ್ರ. ಒಂದು ಲಕ್ಷ ವರ್ಷದ ಹಿಂದಿನ ಪಾದವನ್ನು ಅಳೆಯಲು ಯಾರು ಹೋಗುತ್ತಾರೆ?

ಆದರೂ ಫೋನ್ ಎತ್ತಿದಳು. ಅತ್ತ ಕಡೆ, ಆ ಹೆಜ್ಜೆಗಳನ್ನು ಪತ್ತೆಹಚ್ಚಿದ ಸಂಶೋಧಕಿ ಬತ್ತಿದ ಸರೋವರದ ತಳದಲ್ಲೇ ಇದ್ದಳು. ಮಾತಿಗಿಂತ ಮೊದಲು ಗಾಳಿ ಕೇಳಿಸಿತು.

"ಮೇಡಂ, ಪಾದದ ಗುರುತು ಎಷ್ಟುದ್ದ ಅಂತ ನಾನು ಕೇಳಲೇ ಇಲ್ಲ."

"ಹದಿನಾರೂವರೆ ಸೆಂಟಿಮೀಟರ್. ಮಗುವಿನದು ಕಣ್ರೀ! ನಾಲ್ಕೋ ಐದೋ ವರ್ಷ ಇರಬೇಕು. ಹೇಳಿರಲಿಲ್ವಾ?"

"ಇಲ್ಲ."

"ಅಯ್ಯೋ, ಮೂರು ತಿಂಗಳಿಂದ ಅದರ ಹಿಂದೇನೇ ಓಡಾಡ್ತಿದ್ದೀನಿ. ಎಲ್ಲರಿಗೂ ಹೇಳಿದೀನಿ ಅಂದ್ಕೊಂಡುಬಿಟ್ಟಿದ್ದೆ. ಒಟ್ಟು ಹದಿನಾಲ್ಕು ಹೆಜ್ಜೆ. ನಡುವೆ ಒಂದು ಕಡೆ ಎರಡೂ ಪಾದ ಅಕ್ಕಪಕ್ಕ ಇವೆ. ಮಗು ಸುಮ್ಮನೆ ನಿಂತಿದೆ."

"ಯಾಕೆ ನಿಂತಿತು?"

"ಅದನ್ನ ನನ್ನ ಕೇಳಿದ್ರೆ? ಮಣ್ಣು ಅಷ್ಟೆಲ್ಲ ಬಾಯಿಬಿಡಲ್ಲ."

ಫೋನ್ ಇಟ್ಟ ಮೇಲೂ ಗಾಳಿಯ ಸದ್ದು ಕಿವಿಯಿಂದ ಹೋಗಲಿಲ್ಲ. ಕಚೇರಿಯ ಬೂದು ನೆಲಹಾಸು ಒದ್ದೆಯಾಗಿ ಹೊಳೆಯುತ್ತಿರುವಂತೆ ಕಂಡಿತು. ಮೇಜುಗಳ ನಡುವೆ ನೀರು ಸದ್ದಿಲ್ಲದೆ ಏರಿ, ಕುರ್ಚಿಗಳ ಕಾಲು ತೋಯಿಸಿ, ಹಿಂದೆ ಸರಿಯಿತು. ಸರಿದ ಜಾಗದಲ್ಲಿ ಮೆತ್ತನೆಯ ಕೆಸರು; ಬೆರಳ ಸಂದಿಯಲ್ಲಿ ತಣ್ಣಗೆ ಜಾರುವಂಥದ್ದು. ಪುಟ್ಟ ಮಗುವೊಂದು ಮುದ್ರಣ ಯಂತ್ರದತ್ತ ನಡೆದುಹೋಯಿತು. ಅದಕ್ಕೆ ಆತುರವಿರಲಿಲ್ಲ. ಅರ್ಧ ದಾರಿಯಲ್ಲಿ ನಿಂತು, ಅವಳಿಗೆ ಕಾಣದ ಏನನ್ನೋ ನೋಡಿ, ಮತ್ತೆ ಹೊರಟಿತು. ಮುಖ ತಿರುಗಿಸಲೇ ಇಲ್ಲ. ಆ ಬೆನ್ನಿನ ಮೇಲೆ ಎಂಟೂವರೆ ಅಡಿಯ ಗಂಡಸನ್ನು ಹೇರುವುದು ಅವಳ ಕೈಯಲ್ಲಿ ಆಗುವಂತಿರಲಿಲ್ಲ.

ಎದ್ದು ಕತ್ತರಿಯ ಕೋಣೆಗೆ ಹೋದಳು.

"ಸರ್, ದೈತ್ಯ ಇಲ್ಲ. ಮಗು. ಚಿತ್ರ ತಪ್ಪಾಗಿದೆ, ತಪ್ಪಿಗೆ ದಾರಿ ಮಾಡಿದ್ದು ನನ್ನ ಪದ."

ಕತ್ತರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾಳೆ ಬೆಳಗ್ಗೆ ಹೇಳಬಾರದಿತ್ತೇನಮ್ಮ?"

"ನಾಳೆ ಹೇಳಿದ್ರೆ ತಿದ್ದುಪಡಿ ಹಾಕಬೇಕಾಗ್ತಿತ್ತು."

"ಬುದ್ಧಿವಂತೆ. ನೋಡು, ದೈತ್ಯ ಆದ್ರೆ ಮುಖಪುಟ. ಮಗು ಆದ್ರೆ ನಿನ್ನ ಜಿರಳೆ ಪಕ್ಕ, ಹನ್ನೊಂದನೇ ಪುಟ. ಬೇಜಾರಿಲ್ಲ ತಾನೇ?"

"ಇದೆ ಸರ್," ಎಂದಳು ಅವಳು. "ಆದ್ರೆ ಒಂದು ಕೇಳ್ತೀನಿ. ಹನ್ನೊಂದರಲ್ಲೇ ಹಾಕಿ, ಗುರುತನ್ನ ಮಾತ್ರ ನಿಜ ಅಳತೆಯಲ್ಲೇ ಅಚ್ಚು ಹಾಕಿಸಿ. ಕಾಲಂಗೆ ಹಿಡಿಸಲ್ಲ ಅಂತ ಕಿರಿದು ಮಾಡಬೇಡಿ."

"ಅಷ್ಟು ಜಾಗ ಎಲ್ಲಿಂದ ತರಲಿ?"

"ನನ್ನ ವರದಿ ಅರ್ಧ ಕತ್ತರಿಸಿ."

ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾರೂ ತಾವಾಗಿ ಬಂದು ಅವರಿಗೆ ಹಾಗೆ ಹೇಳಿರಲಿಲ್ಲ. ಕತ್ತರಿ ಕಲಾವಿದನನ್ನು ಕೂಗಿದರು. ಕಲಾವಿದ ಗೊಣಗುತ್ತಲೇ ದೈತ್ಯನನ್ನು ಅಳಿಸಿದ. ಟೈ ಕಟ್ಟಿದವನು ಒಂದು ಕ್ಷಣ ಖಾಲಿ ದಡದಲ್ಲಿ ಒಬ್ಬನೇ ನಿಂತಿದ್ದು ಅವನೂ ಮಾಯವಾದ.

ಮರುದಿನ ಬೆಳಗ್ಗೆ ಅಮ್ಮ ಮುಖಪುಟವನ್ನು ಎರಡು ಸಲ ನೋಡಿದರು, ಮಡಿಕೆ ಬಿಡಿಸಿಯೂ ನೋಡಿದರು.

"ಎಲ್ಲೇ?"

"ಹನ್ನೊಂದರಲ್ಲಿ ನೋಡಮ್ಮ."

"ಪಕ್ಕದ ಮನೆಯವರಿಗೆಲ್ಲ ಹೇಳಿಟ್ಟಿದ್ದೀನಲ್ಲೇ! ನನ್ನ ಮಾನ ಕಳೆದುಬಿಟ್ಟೆ." ಬೈಯುತ್ತಲೇ ಪುಟ ತಿರುವಿದ ಅಮ್ಮನ ಕೈ ಹನ್ನೊಂದಕ್ಕೆ ಬಂದು ನಿಂತಿತು. ಎರಡು ಕಾಲಂ ಅಗಲಕ್ಕೆ ಹರಡಿದ್ದ ಪಾದದ ಸುತ್ತ ಬರಹ ಸಣ್ಣದಾಗಿ ಸರಿದು ಕುಳಿತಿತ್ತು. ಅಮ್ಮ ಅಂಗೈಯನ್ನು ಅದರ ಮೇಲಿಟ್ಟರು. ಬೆರಳ ತುದಿಗಳು ಗುರುತಿನ ಬೆರಳುಗಳ ತನಕ ಹೋಗಿ ನಿಂತವು.

"ನಿನ್ನದೂ ಇಷ್ಟೇ ಇತ್ತು," ಎಂದರು. "ನಡೆಯುತ್ತಾ ನಡೆಯುತ್ತಾ ಹೀಗೇ ನಿಂತುಬಿಡ್ತಿದ್ದೆ. ಎಷ್ಟು ಕರೆದರೂ ಬರ್ತಿರಲಿಲ್ಲ."

"ಏನು ನೋಡ್ತಿದ್ದೆ?"

"ನನಗೇನು ಗೊತ್ತು? ಕೇಳಿದರೆ ಹೇಳೋ ವಯಸ್ಸೇ ಅದು?"

ಅಮ್ಮ ಕೈ ತೆಗೆಯುವವರೆಗೆ ಅವಳು ಕಾದಳು. ಆಮೇಲೆ ಉಕ್ಕಿನ ಅಳತೆಪಟ್ಟಿ ತಂದು, ಕಾಗದ ಸುಕ್ಕಾಗದಂತೆ ಸವರಿ, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಯವರೆಗೆ ಅಳೆದಳು. ಅಚ್ಚಿನಲ್ಲಿ ಒಂದು ಮಿಲಿಮೀಟರ್ ಕುಗ್ಗಿತ್ತು: 16.4 ಸೆಂಟಿಮೀಟರ್.